ಎರಡು ಕಾವಲಿ, ಒಂದು ಪುಳಿಮುಂಚಿ

ನಮ್ಮ ಮನೆಯಲ್ಲಿ ಚಿಪ್ಪಿನೊಳಗಿನ ಯಾವ ಜೀವಿಯನ್ನೂ ಬೇಯಿಸದೆ ಹದಿನೈದು ವರ್ಷಗಳು ಕಳೆದಿದ್ದವು. 2023ರ ಡಿಸೆಂಬರಿನಲ್ಲಿ ಅಮೆರಿಕದ ಮಸಾಚುಸೆಟ್ಸಿನಿಂದ ರಜೆಗೆ ಬಂದ ಮಗಳು, ಬೆಂಗಳೂರಿನಲ್ಲಿ ಇಳಿದವಳೇ ಆಮದು ಸರಕಿನ ಅಂಗಡಿಯೊಂದಕ್ಕೆ ಹೋಗಿ, ಹಿಮಗಟ್ಟಿದ ಸ್ಕ್ಯಾಲಪ್‌ಗಳ ಪೊಟ್ಟಣವೊಂದನ್ನು ಕೊಂಡು, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಹುದುಗಿಸಿ ತಿರುಪ್ಪೂರಿನ ನಮ್ಮ ಮನೆಗೆ ತಂದಳು. ಪೆಟ್ಟಿಗೆಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಅಮ್ಮಾ, ನಿನ್ನ ಮರುವಾಯಿಯ ದೊಡ್ಡಕ್ಕನನ್ನು ಕರೆದುಕೊಂಡು ಬಂದಿದ್ದೇನೆ" ಎಂದಳು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಪೆಟ್ಟಿಗೆಯನ್ನು ನೋಡಿದೆ.

ಸ್ಕ್ಯಾಲಪ್ ಎಂಬುದಕ್ಕೆ ನಮ್ಮ ಮನೆಯಲ್ಲಿ ಹೆಸರಿರಲಿಲ್ಲ. ಆದರೆ ಅದರ ಆಕಾರವನ್ನು ಕಾಣದವರು ನಮ್ಮಲ್ಲಿ ವಿರಳ. ಶೆಲ್ ಕಂಪನಿಯ ಪೆಟ್ರೋಲ್ ಬಂಕುಗಳ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಂಡಿರುವ ಹಳದಿ ಚಿಪ್ಪು ಅದೇ. ಮರುವಾಯಿ ಕೆಸರಿನಲ್ಲಿ ಹುದುಗಿ ಕಾಲ ಕಳೆಯುವ ಸಾಧು. ಸ್ಕ್ಯಾಲಪ್ ಎರಡು ಚಿಪ್ಪುಗಳನ್ನು ತಾಳದಂತೆ ತಟ್ಟಿಕೊಂಡು ನೀರಿನಲ್ಲಿ ಈಜಬಲ್ಲದು. ಹಾಗೆ ಚಿಪ್ಪು ಮುಚ್ಚಲು ಅದಕ್ಕೆ ಒಂದು ಬಲವಾದ ಸ್ನಾಯು ಬೇಕು. ಅಮೆರಿಕದವರು ತಿನ್ನುವುದು ಆ ಸ್ನಾಯುವನ್ನು ಮಾತ್ರ: ಬೆಳ್ಳಗೆ, ದುಂಡಗೆ, ಒಂದಂಗುಲ ದಪ್ಪದ ಬಿಲ್ಲೆ. ಮಗಳಿರುವ ರಾಜ್ಯದ ನ್ಯೂ ಬೆಡ್‌ಫರ್ಡ್ ಎಂಬ ಬಂದರು ಈ ಸ್ಕ್ಯಾಲಪ್ಪಿಗೇ ಹೆಸರಾದದ್ದು. ಅಲ್ಲಿ ಮೊದಲ ಬಾರಿ ಅದನ್ನು ತಿಂದ ದಿನವೇ ತನಗೆ ಅಮ್ಮನ ನೆನಪಾಯಿತೆಂದೂ, ಒಮ್ಮೆಯಾದರೂ ತನ್ನ ಕೈಯಾರೆ ಮಾಡಿ ಬಡಿಸಬೇಕೆಂದು ನಿಶ್ಚಯಿಸಿದೆನೆಂದೂ ಅವಳು ಹೇಳಿದಳು.

ನಾವಿಬ್ಬರೂ ಮೂಲ್ಕಿಯ ಕಡೆಯವರು. ಮನೆಮಾತು ತುಳು, ಓದುಬರಹ ಕನ್ನಡ. ಶಾಂಭವಿ ಮತ್ತು ನಂದಿನಿ ನದಿಗಳು ಒಂದಾಗಿ ಕಡಲು ಸೇರುವಲ್ಲಿ, ನೀರು ಇಳಿತವಾದ ಹೊತ್ತಿಗೆ, ಹೆಂಗಸರು ಮೊಣಕಾಲುದ್ದ ನೀರಿಗಿಳಿದು ಪಾದಗಳಿಂದಲೇ ಕೆಸರನ್ನು ತಡಕಿ ಮರುವಾಯಿ ಹೆಕ್ಕುತ್ತಿದ್ದರು. ನನ್ನ ಹೆಂಡತಿ ಎಂಟು ವರ್ಷದವಳಿದ್ದಾಗಲೇ ತಾಯಿಯ ಜತೆ ಇಳಿದವಳು. ಕಲ್ಲು ಯಾವುದು, ಮರುವಾಯಿ ಯಾವುದು ಎಂದು ಹೆಬ್ಬೆರಳಿಗೆ ಗೊತ್ತಾಗುತ್ತಿತ್ತಂತೆ. ತಂದದ್ದನ್ನು ನೀರಿನಲ್ಲಿಟ್ಟು ಮರಳು ಬಿಡಿಸಿ, ಮೆಟ್ಟುಕತ್ತಿಯ ಮುಂದೆ ಕುಳಿತು ಒಂದೊಂದನ್ನೇ ಸೀಳಿ, ಅರ್ಧ ಚಿಪ್ಪಿನೊಡನೆಯೇ ಪಾತ್ರೆಗೆ ಹಾಕುವುದು. ಒಂದು ದಿನ ಸುಕ್ಕ, ಒಂದು ದಿನ ಪುಂಡಿ, ಆಟಿಯ ಮಳೆ ಹೊಯ್ಯುವ ದಿನಗಳಲ್ಲಿ ಪುಳಿಮುಂಚಿ. ತಿಂದು ಉಳಿದ ಚಿಪ್ಪು ಸುಣ್ಣದವರಿಗೆ.

ನಾನು ಬನಿಯನ್ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಲು ತಿರುಪ್ಪೂರಿಗೆ ಬಂದದ್ದು 1979ರಲ್ಲಿ. ಇದು ಪರದೇಶವೇನೂ ಅಲ್ಲವೆಂದು ನನ್ನ ತಂದೆ ಸಮಾಧಾನ ಹೇಳುತ್ತಿದ್ದರು. ಅವರ ಯೌವನದಲ್ಲಿ ನಮ್ಮ ದಕ್ಷಿಣ ಕನ್ನಡವೂ ಕೊಯಮತ್ತೂರೂ ಒಂದೇ ಮದ್ರಾಸು ಪ್ರಾಂತದೊಳಗಿದ್ದವು; 1956ರವರೆಗೆ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯ ತಾಲ್ಲೂಕೇ ಆಗಿತ್ತು. (ನಾನು ಮನೆ ಬದಲಿಸದೆಯೇ 2009ರಲ್ಲಿ ಜಿಲ್ಲೆ ಬದಲಿಸಿದೆ: ಕೊಯಮತ್ತೂರು, ಈರೋಡುಗಳ ಭಾಗಗಳನ್ನು ತೆಗೆದು ತಿರುಪ್ಪೂರು ಜಿಲ್ಲೆ ಮಾಡಿದರು.) 1984ರಲ್ಲಿ ಮದುವೆಯಾಗಿ ಬಂದ ಹೆಂಡತಿಗೆ ಈ ಚರಿತ್ರೆಯಿಂದ ಯಾವ ಸಮಾಧಾನವೂ ಆಗಲಿಲ್ಲ. ಊರಿನಲ್ಲಿ ನದಿಯಿದೆಯೇ ಎಂದು ಕೇಳಿದಳು. ಇದೆ ಎಂದು ನೊಯ್ಯಲ್ ತೋರಿಸಿದೆ. ಬಣ್ಣದ ಕಾರ್ಖಾನೆಗಳ ನೀರು ಹರಿದು ಅಂದು ಅದು ಯಾವ ಬಣ್ಣಕ್ಕೆ ತಿರುಗಿತ್ತೋ ನೆನಪಿಲ್ಲ. ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ, "ಇದರಲ್ಲಿ ಕಾಲಿಡುವುದು ಹೇಗೆ?" ಎಂದಷ್ಟೇ ಹೇಳಿದಳು.

ಮೀನು ಸಿಗುತ್ತಿತ್ತು. ಕೊಯಮತ್ತೂರಿನ ಉಕ್ಕಡದ ಮಾರುಕಟ್ಟೆಗೆ ಎರಡು ಕರಾವಳಿಗಳ ಮೀನೂ ಬರುತ್ತದೆ. ಆದರೆ ನಮ್ಮ ಮರುವಾಯಿ ಬರುತ್ತಿದ್ದುದು ರೈಲಿನಲ್ಲಿ. ಊರಿನಿಂದ ಯಾರಾದರೂ ಹೊರಟರೆ, ಒದ್ದೆ ಗೋಣಿಯಲ್ಲಿ ಕಟ್ಟಿದ ಜೀವಂತ ಮರುವಾಯಿಯ ಗಂಟು ಮಂಗಳೂರಿನಲ್ಲಿ ಮದ್ರಾಸ್ ಮೇಲ್ ಹತ್ತಿ ರಾತ್ರಿ ತಿರುಪ್ಪೂರಿನಲ್ಲಿ ಇಳಿಯುತ್ತಿತ್ತು. ಗೋಣಿ ಒದ್ದೆಯಾಗಿದ್ದರೆ ಅದು ಒಂದು ದಿನ ಬದುಕಬಲ್ಲದು. ಹೆಂಡತಿ ಎಷ್ಟೇ ಹೊತ್ತಾದರೂ ಎದ್ದು ಕುಳಿತು, ಬಾಯಿ ಬಿಟ್ಟವನ್ನು ತಟ್ಟಿ ನೋಡಿ, ಮುಚ್ಚದವನ್ನು ಎಸೆದು, ಉಳಿದವನ್ನು ನೀರಿಗೆ ಹಾಕಿಯೇ ಮಲಗುತ್ತಿದ್ದಳು.

2008ರ ಮೇ ತಿಂಗಳ ಒಂದು ರಾತ್ರಿ, ಹಾಗೆ ಬಂದ ಮರುವಾಯಿಯ ಸುಕ್ಕ ಉಂಡ ಅರ್ಧ ಗಂಟೆಯಲ್ಲಿ ಅವಳ ತುಟಿ ದಪ್ಪವಾಯಿತು. ಮೈಮೇಲೆ ಕೆಂಪು ದದ್ದುಗಳೆದ್ದವು. ಆಮೇಲೆ ಉಸಿರು ಸಿಕ್ಕಿಕೊಳ್ಳತೊಡಗಿತು. ಆಸ್ಪತ್ರೆಗೆ ಹೋದೆವು, ಬದುಕಿಕೊಂಡಳು. ಅದರ ವಿವರ ಇಲ್ಲಿ ಬೇಡ. ನಲವತ್ತು ವರ್ಷ ತಿಂದದ್ದು ಒಂದು ದಿನ ವಿಷವಾಗುವುದು ಹೇಗೆಂದು ನಾನು ವೈದ್ಯರನ್ನು ಕೇಳಿದೆ. ಒಗ್ಗದಿಕೆ ಯಾವ ವಯಸ್ಸಿನಲ್ಲಾದರೂ ಹುಟ್ಟಬಹುದು. ಚಿಪ್ಪುಜೀವಿಗಳ ಸ್ನಾಯುವಿನಲ್ಲಿರುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನು ಇದಕ್ಕೆ ಸಾಮಾನ್ಯ ಕಾರಣ. ಎಷ್ಟು ಬೇಯಿಸಿದರೂ ಅದು ನಾಶವಾಗುವುದಿಲ್ಲ. ಕೆಲವರಿಗೆ ಬೇಯುವಾಗ ಏಳುವ ಹಬೆಯೂ ಸಾಕು ಎಂದು ಅವರು ತಿಳಿಸಿದರು. ಮರುದಿನ ಮನೆಯ ಮರುವಾಯಿ ಪಾತ್ರೆಯನ್ನು ನಾನೇ ಹೊರಗೆ ಹಾಕಿದೆ. ಅವಳು ತಿನ್ನದ್ದನ್ನು ನಾನು ಹೊರಗೂ ತಿನ್ನಲಿಲ್ಲ. ಆಗ ಹಾಸ್ಟೆಲಿನಲ್ಲಿದ್ದ ಮಗಳಿಗೆ ಪರೀಕ್ಷೆಯ ಸಮಯವೆಂದು, "ಅಮ್ಮನಿಗೆ ಮರುವಾಯಿ ಮೈಗೆ ಹಿಡಿಯಲಿಲ್ಲ" ಎಂದಷ್ಟೇ ಹೇಳಿದೆವು. ಉಳಿದದ್ದನ್ನು ಮುಂದೆಯೂ ಹೇಳಲಿಲ್ಲ. ಅದೇ ತಪ್ಪಾದದ್ದು.

ಅಣಬೆ ನಮ್ಮ ಮನೆಗೆ ಬಂದದ್ದು ಆ ವರ್ಷದ ಮಳೆಗಾಲದಲ್ಲಿ. ಕೊಯಮತ್ತೂರಿನವರಿಗೆ ಅಣಬೆ ಎಂದರೆ ಮೊದಲು ನೆನಪಾಗುವುದು ಸಂಜೆಯ ತಳ್ಳುಗಾಡಿಯ 'ಕಾಳಾನ್'. ಅಗಲವಾದ ಕಾವಲಿಯ ಮೇಲೆ ಸಟ್ಟುಗದಿಂದ ಟಣಟಣನೆ ಕೊಚ್ಚಿ, ಕೆಂಪು ಖಾರದ ಗೊಜ್ಜಿನಲ್ಲಿ ಮುಳುಗಿಸಿ, ಈರುಳ್ಳಿ ಕೊತ್ತಂಬರಿ ಉದುರಿಸಿ ಕೊಡುವ ಆ ತಿನಿಸಿನಲ್ಲಿ ಅಣಬೆಗಿಂತ ಎಲೆಕೋಸೇ ಹೆಚ್ಚೆಂಬುದು ಊರಿಗೆಲ್ಲ ಗೊತ್ತಿರುವ ಗುಟ್ಟು. ಅದನ್ನು ದೂರುವವರಲ್ಲಿ ನಾನಿಲ್ಲ. ಒಂದು ಸಂಜೆ ಅದನ್ನು ತಿನ್ನುತ್ತಿದ್ದಾಗ ಹೆಂಡತಿ ಗೊಜ್ಜಿನೊಳಗಿನ ಒಂದು ನಿಜವಾದ ಅಣಬೆ ತುಂಡನ್ನು ಹಲ್ಲಿನ ನಡುವೆ ನಿಲ್ಲಿಸಿಕೊಂಡು ಯೋಚಿಸುತ್ತ ನಿಂತಳು. "ಜಗಿಯುವಾಗ ಅದರ ಹಾಗೆಯೇ ಇದೆ" ಎಂದಳು. ಅದು ಎಂದರೆ ಯಾವುದೆಂದು ನಾನು ಕೇಳಲಿಲ್ಲ. ತಮಿಳಿನಲ್ಲಿ ಒಂದು ಜಾತಿಯ ಅಣಬೆಗೆ 'ಸಿಪ್ಪಿ ಕಾಳಾನ್' ಎಂದೇ ಹೆಸರು, ನಾವು ಚಿಪ್ಪಣಬೆ ಎನ್ನುವುದು. ಹೆಸರಿನಲ್ಲೇ ಚಿಪ್ಪಿದೆಯೆಂದು ಮೊದಲು ಅದನ್ನು ತಂದಳು. ಸಾರಿನಲ್ಲಿ ಅದು ಮೆತ್ತಗಾಗಿ ಬಟ್ಟೆಯಂತಾಯಿತು. ಮನಸ್ಸು ಒಪ್ಪಲಿಲ್ಲ.

ಆಗ ಯಾರೋ ಕೃಷಿ ವಿಶ್ವವಿದ್ಯಾಲಯದ ಹಾಲಣಬೆಯ ವಿಷಯ ಹೇಳಿದರು. ಲಾಲಿ ರೋಡಿನ ಆ ಆವರಣ ನಮ್ಮ ಸಂಘದ ಬಹುತೇಕರಿಗೆ ಪರಿಚಿತ; ಸೈದಾಪೇಟೆಯಲ್ಲಿದ್ದ ಕೃಷಿ ಶಾಲೆ ಕಳೆದ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದು ಕಾಲೇಜಾಗಿ, 1971ರಲ್ಲಿ ವಿಶ್ವವಿದ್ಯಾಲಯವಾಯಿತು. ಬಂಗಾಳದಲ್ಲಿ ಮೊದಲು ಗುರುತಿಸಲ್ಪಟ್ಟ ಒಂದು ದೇಶೀ ಅಣಬೆಯನ್ನು ಬೇಸಾಯಕ್ಕೆ ಒಗ್ಗಿಸಿ, 1998ರಲ್ಲಿ ಎ.ಪಿ.ಕೆ. 2 ಎಂಬ ಹೆಸರಿನಲ್ಲಿ ರೈತರಿಗೆ ಕೊಟ್ಟದ್ದು ಈ ವಿಶ್ವವಿದ್ಯಾಲಯ. ಶಾಸ್ತ್ರೀಯ ಹೆಸರು ಕ್ಯಾಲೊಸೈಬೆ ಇಂಡಿಕಾ, ಜನರ ಬಾಯಲ್ಲಿ 'ಪಾಲ್ ಕಾಳಾನ್'. ಗುಂಡಿಯಾಕಾರದ ಬಿಳಿ ಅಣಬೆಗೆ ಊಟಿಯ ಚಳಿ ಬೇಕು. ಇದಕ್ಕೆ 30ರಿಂದ 35 ಡಿಗ್ರಿ ಸೆಕೆಯೇ ಹಿತ. ತಿರುಪ್ಪೂರಿನಲ್ಲಿ ಸೆಕೆಗೆ ಬರವಿಲ್ಲ.

ಅಲ್ಲಿನ ಸಸ್ಯರೋಗಶಾಸ್ತ್ರ ವಿಭಾಗದವರು ನಡೆಸುವ ಒಂದು ದಿನದ ತರಬೇತಿಗೆ ಹೆಂಡತಿ ಹೋಗಿ ಬಂದಳು. ಪಾಠ ತಮಿಳಿನಲ್ಲಿ, ಅವಳು ಬರೆದುಕೊಂಡದ್ದು ಕನ್ನಡ ಅಕ್ಷರದಲ್ಲಿ. ಆ ನೋಟುಪುಸ್ತಕ ಈಗಲೂ ಇದೆ. ಭತ್ತದ ಹುಲ್ಲನ್ನು ತುಂಡರಿಸಿ, ನೆನೆಸಿ, ಕುದಿಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸುವುದು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಬೀಜ. ಹುಲ್ಲೆಲ್ಲ ಬೆಳ್ಳಗಾದ ಮೇಲೆ ಚೀಲವನ್ನು ನಡುವೆ ಕೊಯ್ದು ಎರಡು ಮಾಡಿ, ಹಬೆಯಲ್ಲಿ ಶುದ್ಧಮಾಡಿದ ಮಣ್ಣು ಹರಡುವುದು. ಹಿತ್ತಿಲಿನಲ್ಲಿ ನೀಲಿ ಹಾಳೆಯ ಒಂದು ಗುಡಾರವೆದ್ದಿತು. ಮೊದಲ ಎರಡು ಸಲ ಹಸಿರು ಬೂಷ್ಟು ಹಿಡಿದು ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಬೇಕಾಯಿತು. ಮೂರನೆಯ ಸಲ ಮಣ್ಣಿನ ಮೇಲೆ ಸೂಜಿಯ ತಲೆಗಳಂತೆ ಎದ್ದವು; ವಾರದೊಳಗೆ ಒಂದೊಂದೂ ಮಗುವಿನ ಮುಷ್ಟಿಯಷ್ಟಾಯಿತು.

ಹಾಲಣಬೆಯ ವಿಶೇಷವಿರುವುದು ಅದರ ದಂಟಿನಲ್ಲಿ. ಮೂರು ನಾಲ್ಕು ಅಂಗುಲ ಉದ್ದ, ಒಳಗೆ ಟೊಳ್ಳಿಲ್ಲದ ಗಟ್ಟಿ ಬಿಳುಪು. ಅದನ್ನು ಅಡ್ಡಕ್ಕೆ ಕತ್ತರಿಸಿ ಬಿಲ್ಲೆಗಳನ್ನಾಗಿ ಮಾಡಿ, ಮೇಲೆ ಚಾಕುವಿನಿಂದ ನವಿರಾಗಿ ಗೀರೆಳೆದು, ಕಾವಲಿಯ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ, ಪುಳಿಮುಂಚಿಯಲ್ಲಿ ಹೊರಳಿಸಿ ಅವಳು ಮೊದಲ ಸಲ ಬಡಿಸಿದಾಗ ನಾನು, "ಇದು ಮರುವಾಯಿಯೇ!" ಎಂದೆ. ಅವಳು ನಕ್ಕಳು. ಆ ನಗುವನ್ನು ಕಂಡು ಬಹಳ ದಿನಗಳಾಗಿದ್ದವು. ಅಂದಿನಿಂದ ಪ್ರತಿ ಸಲವೂ ಬಡಿಸಿದ ಮೇಲೆ ಅವಳು ಒಂದು ಕ್ಷಣ ನಿಲ್ಲುತ್ತಿದ್ದಳು. ನಾನು ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದೆ.

ಅದು ಮರುವಾಯಿಯಾಗಿರಲಿಲ್ಲ. ಜಗಿತ ಸರಿಯಿತ್ತು, ಮಸಾಲೆ ಸರಿಯಿತ್ತು. ಕಡಲು ಇರಲಿಲ್ಲ.

ಮಗಳಿಗೆ ಅಂದು ಎಲ್ಲವನ್ನೂ ಹೇಳಿದೆವು. ಹದಿನೈದು ವರ್ಷ ಮುಚ್ಚಿಟ್ಟಿರೆಂದು ಅವಳು ಅತ್ತಳು, ಆಮೇಲೆ ಕೋಪಿಸಿಕೊಂಡಳು, ಪೊಟ್ಟಣವನ್ನು ಎಸೆದುಬಿಡುತ್ತೇನೆಂದಳು. ತಡೆದವಳು ಹೆಂಡತಿಯೇ. "ನೀನು ಅಷ್ಟು ದೂರದಿಂದ ಹೊತ್ತು ತಂದಿದ್ದೀ. ಮಾಡು ಮಗಾ, ಅಪ್ಪ ತಿನ್ನಲಿ. ನಾನು ನನ್ನದನ್ನು ಮಾಡಿಕೊಳ್ಳುತ್ತೇನೆ." ವ್ಯವಸ್ಥೆಯೂ ಅವಳದೇ. ಸ್ಕ್ಯಾಲಪ್ ತಾರಸಿಯ ಮೇಲೆ, ಬಾಡಿಗೆಗೆ ತಂದ ಒಂಟಿ ಒಲೆಯಲ್ಲಿ, ಪಕ್ಕದ ಮನೆಯಿಂದ ಎರವಲು ತಂದ ಕಾವಲಿಯಲ್ಲಿ. ಅಣಬೆ ಕೆಳಗೆ ಅಡುಗೆಮನೆಯಲ್ಲಿ. ಪುಳಿಮುಂಚಿ ಮಾತ್ರ ಒಂದೇ. ಮೊದಲೇ ಎರಡು ಪಾತ್ರೆಗೆ ಹಂಚಿ, ಮೇಲೆ ಹೋದದ್ದು ಕೆಳಗೆ ಬರಕೂಡದು.

ಆ ಪುಳಿಮುಂಚಿಯ ಲೆಕ್ಕವನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಕೇಳಿದವರಿಗೆಲ್ಲ ಅವಳು "ಕೈಯಂದಾಜು" ಎಂದೇ ಹೇಳುವವಳು; ಅಂದು ಮಗಳು ಪಕ್ಕದಲ್ಲಿ ನಿಂತು ಅಳೆದಳು. ಬ್ಯಾಡಗಿ ಮೆಣಸು ಹನ್ನೆರಡು, ಖಾರಕ್ಕೆ ಗಿಡ್ಡ ಮೆಣಸು ನಾಲ್ಕು. ಕೊತ್ತಂಬರಿ ಬೀಜ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಸಣ್ಣ ಚಮಚ, ಕಾಳುಮೆಣಸು ಹತ್ತು, ಮೆಂತ್ಯ ಎಣಿಸಿ ಎಂಟು ಕಾಳು, ಹೆಚ್ಚಾದರೆ ಕಹಿ. ಇವನ್ನು ಬೇರೆಬೇರೆಯಾಗಿ ಹುರಿದು, ಆರು ಎಸಳು ಬೆಳ್ಳುಳ್ಳಿ, ಚಿಟಿಕೆ ಅರಿಸಿನ, ನಿಂಬೆಯಷ್ಟು ಹುಣಸೆಹಣ್ಣಿನೊಡನೆ ನುಣ್ಣಗೆ ಅರೆಯುವುದು. ತೆಂಗಿನೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಅರೆದದ್ದನ್ನು ಹಾಕಿ, ಎಣ್ಣೆ ಅಂಚಿನಲ್ಲಿ ಬಿಡುವವರೆಗೆ ಕುದಿಸುವುದು. ಪುಳಿಮುಂಚಿಗೆ ತೆಂಗಿನಕಾಯಿ ಹಾಕಕೂಡದು. ಹಾಕುವವರೂ ಇದ್ದಾರೆ, ಅವರ ಮನೆಗೆ ನಾವು ಊಟಕ್ಕೆ ಹೋಗುತ್ತೇವೆ, ವಾದಕ್ಕೆ ಹೋಗುವುದಿಲ್ಲ.

ತಾರಸಿಯ ಮೇಲಿನ ಮೊದಲ ಪ್ರಯತ್ನ ಕೆಟ್ಟಿತು. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಕರಗಿದ್ದ ಸ್ಕ್ಯಾಲಪ್‌ಗಳ ಬದಿಯಲ್ಲಿ ಅಂಟಿಕೊಂಡಿದ್ದ ಗಡಸು ಎಳೆಯನ್ನು ಕಿತ್ತು, ಒರೆಸಿ, ಮಗಳು ಆರನ್ನು ಒಟ್ಟಿಗೆ ಕಾವಲಿಗೆ ಹಾಕಿದಳು. ಚುರ್ ಎಂದ ಸದ್ದು ಕ್ಷಣದಲ್ಲಿ ಅಡಗಿತು. ಬಿಲ್ಲೆಗಳ ಸುತ್ತ ಹಾಲಿನಂಥ ನೀರು ಒಸರಿ, ಅವು ಆ ನೀರಿನಲ್ಲೇ ಬೆಂದು ರಬ್ಬರಿನಂತಾದವು. ಹಿಮಗಟ್ಟಿಸುವ ಮುನ್ನ ಕೆಲವರು ಸ್ಕ್ಯಾಲಪ್‌ಗಳನ್ನು ಫಾಸ್ಫೇಟ್ ದ್ರಾವಣದಲ್ಲಿ ನೆನೆಸುತ್ತಾರೆ, ಅದು ನೀರನ್ನು ಹಿಡಿದಿಟ್ಟುಕೊಂಡು ತೂಕ ಹೆಚ್ಚಿಸುತ್ತದೆ, ಇದು ಅಂಥದೇ ಇರಬೇಕು ಎಂದು ಮಗಳು ಹೇಳಿದಳು. ಜತೆಗೆ, 1912ರಲ್ಲಿ ಮಾಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ ಕ್ರಿಯೆಯಿಂದ ಈ ಕೆಂಪು ಹುಟ್ಟುತ್ತದೆಂದೂ, ನೀರಿರುವವರೆಗೆ ಕಾವು 100 ಡಿಗ್ರಿ ದಾಟದಾದ್ದರಿಂದ ಕೆಂಪಾಗುವುದಿಲ್ಲವೆಂದೂ ವಿವರಿಸಿದಳು. ಕಾರಣ ತಿಳಿಯಿತು. ಉಳಿದ ಆರನ್ನು ಏನು ಮಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ.

ಮೆಟ್ಟಿಲ ಬುಡದಿಂದ ಹೆಂಡತಿಯ ಧ್ವನಿ ಕೇಳಿತು. ಸದ್ದು ನಿಂತದ್ದು ಅವಳಿಗೆ ಕೆಳಗೇ ಗೊತ್ತಾಗಿತ್ತು.

"ನೀರು ಬಿಟ್ಟಿತಾ?"

"ಹೌದಮ್ಮ."

"ಅಣಬೆಯೂ ಹಾಗೇ. ಅದರಲ್ಲಿ ಇರುವುದೇ ನೀರು. ಉಪ್ಪು ಸವರಿ ಹತ್ತು ನಿಮಿಷ ಇಡು. ಆಮೇಲೆ ಬನಿಯನ್ ಬಟ್ಟೆಯ ನಡುವೆ ಇಟ್ಟು ಮೇಲೊಂದು ತಟ್ಟೆ ಹೇರು. ಬಟ್ಟೆ ಎರಡು ಸಲ ಬದಲಿಸು. ಕಾವಲಿಯಿಂದ ಹೊಗೆ ಬರಲಿ. ಮೂರೇ ಹಾಕು. ಹಾಕಿದ ಮೇಲೆ ಮುಟ್ಟಬೇಡ. ಅದಾಗಿಯೇ ಕಾವಲಿ ಬಿಟ್ಟಾಗ ಮಗುಚು."

ತಿರುಪ್ಪೂರಿನ ಮನೆಗಳಲ್ಲಿ ಬೇರೇನಿಲ್ಲದಿದ್ದರೂ ರಫ್ತಿಗೆ ಹೋಗದೆ ಉಳಿದ ಬನಿಯನ್ ಬಟ್ಟೆಯ ತುಂಡುಗಳಿರುತ್ತವೆ. ನೀರು ಹೀರುವುದರಲ್ಲಿ ಅದಕ್ಕೆ ಸಮನಾದದ್ದು ಇಲ್ಲ. ಅವಳು ಹೇಳಿದಂತೆಯೇ ಮಾಡಿದೆವು. ಮೂರು ಬಿಲ್ಲೆಗಳು ಕಾವಲಿಗೆ ಬಿದ್ದಾಗ ಎದ್ದ ಸದ್ದು ಈ ಬಾರಿ ಅಡಗಲಿಲ್ಲ. ಮಗಳ ಕೈ ಎರಡು ಸಲ ಸಟ್ಟುಗದ ಕಡೆಗೆ ಹೋಯಿತು. ಎರಡು ಸಲವೂ ಕೆಳಗಿನಿಂದ "ಬೇಡ" ಎಂದು ಕೇಳಿಸಿತು. ಕಾಣದೆಯೇ ಅದು ಹೇಗೆ ತಿಳಿಯಿತೋ! ಎರಡು ನಿಮಿಷಕ್ಕೆ ಮಗುಚಿದಾಗ ಮೇಲ್ಮೈ ಕಾದ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಮತ್ತೊಂದು ಬದಿಗೆ ಒಂದೂವರೆ ನಿಮಿಷ, ಕೊನೆಯಲ್ಲಿ ಒಂದು ತುಂಡು ಬೆಣ್ಣೆ. ಕಾವಲಿ ಇಳಿಸಿ, ತಟ್ಟೆಯಲ್ಲಿ ಪುಳಿಮುಂಚಿ ಹರಡಿ ಅದರ ಮೇಲೆ ಕೂರಿಸಿದೆವು. ಮೇಲಿನಿಂದ ಸುರಿದರೆ ಗರಿ ಮೆತ್ತಗಾಗುತ್ತದೆಂದೂ ಕೆಳಗಿನಿಂದಲೇ ಆಜ್ಞೆಯಾಗಿತ್ತು.

ನಾನು ತಾರಸಿಯ ಮೇಲೆಯೇ ನಿಂತು ತಿಂದೆ. ಹೊರಗೆ ಗರಿ, ಒಳಗೆ ಎಳನೀರಿನ ಗಂಜಿಯಂಥ ಮೃದು. ಪುಳಿಮುಂಚಿಯ ಖಾರ ನಾಲಗೆಯನ್ನು ಹಿಡಿಯುವ ಮೊದಲು ಒಂದು ಸಿಹಿ, ಆ ಸಿಹಿಯ ಹಿಂದೆ ಉಪ್ಪುನೀರಿನ ವಾಸನೆ. ಹದಿನೈದು ವರ್ಷಗಳ ಮೇಲೆ ಅದು ಒಮ್ಮೆಗೇ ಬಂದು ಗಂಟಲಿನಲ್ಲಿ ನಿಂತಾಗ ನಾನು ಮಗಳ ಕಡೆಗೆ ಬೆನ್ನು ತಿರುಗಿಸಿ ಗೋಡೆಯ ಅಂಚಿಗೆ ಹೋದೆ. ಎರಡನೆಯದನ್ನು ಬೇಗ ತಿಂದೆ. ಮೂರನೆಯದನ್ನೂ ತಿಂದೆ. ನಾಚಿಕೆಯಾಯಿತು, ಆದರೂ ತಿಂದೆ.

ಒಲೆ, ಕಾವಲಿ, ತಟ್ಟೆಗಳನ್ನು ಮೇಲೆಯೇ ಬಿಟ್ಟು, ಕೈಬಾಯಿ ಸೋಪಿನಲ್ಲಿ ತೊಳೆದು, ಅಂಗಿ ಬದಲಿಸಿ ಕೆಳಗಿಳಿದೆ. ಮೇಜಿನ ಮೇಲೆ ಹಾಲಣಬೆಯ ಬಿಲ್ಲೆಗಳು ಕೆಂಪಗೆ ಸಾಲಾಗಿ ಕುಳಿತಿದ್ದವು. ದೂರದಿಂದ ನೋಡಿದರೆ ಮೇಲಿನ ತಟ್ಟೆಗೂ ಇದಕ್ಕೂ ವ್ಯತ್ಯಾಸವೇ ಇರಲಿಲ್ಲ. ಹೆಂಡತಿ ಎದುರು ಕುಳಿತು ಕೇಳಿದಳು:

"ಹೇಗಿತ್ತು?"

ನಿನ್ನದರ ಮುಂದೆ ಅದೇನೂ ಅಲ್ಲ ಎಂಬ ಮಾತು ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಮೆಟ್ಟಿಲಿಳಿಯುವಾಗಲೇ ಅದನ್ನು ಕಟ್ಟಿಕೊಂಡಿದ್ದೆ. ಅವಳ ಮುಖ ನೋಡಿ ಅದನ್ನು ಹೇಳಲಾಗಲಿಲ್ಲ.

"ಚೆನ್ನಾಗಿತ್ತು" ಎಂದೆ. "ತುಂಬಾ ಚೆನ್ನಾಗಿತ್ತು."

"ಮರುವಾಯಿಯ ಹಾಗಾ?"

"ಇಲ್ಲ. ಅದಕ್ಕಿಂತ ಸಿಹಿ. ಆದರೆ ಕಡಲಿನ ವಾಸನೆ ಇತ್ತು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಗಳು ಬಾಗಿಲಲ್ಲಿ ನಿಂತಿದ್ದಳು.

"ಅಣಬೆಗೆ ಅದು ಬರುವುದಿಲ್ಲ. ನನಗೆ ಮೊದಲ ದಿನವೇ ಗೊತ್ತು" ಎಂದಳು ಹೆಂಡತಿ. "ನೀವು ಅಷ್ಟು ಚಂದ ಮಾಡಿ ಹೇಳುತ್ತಿದ್ದಿರಿ. ಬೇಡ ಎನ್ನಲು ಮನಸ್ಸಾಗಲಿಲ್ಲ." ಆಮೇಲೆ ಸೌಟು ಎತ್ತಿ ನಾಲ್ಕು ಬಿಲ್ಲೆಗಳನ್ನು ನನ್ನ ತಟ್ಟೆಗೆ ಹಾಕಿದಳು. "ಇನ್ನು ಇದನ್ನು ಅಣಬೆ ಅಂತಲೇ ತಿನ್ನಿ."

ತಿಂದೆ. ಹೊಸ ಹುಲ್ಲಿನ, ಮಳೆ ಬಿದ್ದ ಮಣ್ಣಿನ ಒಂದು ಪರಿಮಳ ಅದರಲ್ಲಿತ್ತು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಾನು ಅದನ್ನು ಗಮನಿಸಿರಲಿಲ್ಲ.

ಮಗಳು ಜನವರಿಯಲ್ಲಿ ಹೊರಟುಹೋದಳು. ಹೋಗುವಾಗ ಪುಳಿಮುಂಚಿಯ ಲೆಕ್ಕ ಬರೆದ ಹಾಳೆಯ ಜತೆಗೆ ಬನಿಯನ್ ಬಟ್ಟೆಯ ಒಂದು ಕಟ್ಟನ್ನೂ ಒಯ್ದಳು. ಅನಂತರ ಹೆಂಡತಿ ಹಾಲಣಬೆಯ ದಂಟನ್ನು ಬಿಲ್ಲೆಗಳನ್ನಾಗಿ ಕತ್ತರಿಸುವುದನ್ನು ಬಿಟ್ಟಿದ್ದಾಳೆ. ಈಗ ಕೈಯಿಂದಲೇ ಉದ್ದುದ್ದಕ್ಕೆ ಸೀಳಿ, ಒಗ್ಗರಣೆಗೆ ಹಾಕಿ, ಕಾಳುಮೆಣಸು ಮಾತ್ರ ಉದುರಿಸುತ್ತಾಳೆ. ಬಡಿಸಿದ ಮೇಲೆ ನಿಂತು ಕಾಯುವುದಿಲ್ಲ. ತನ್ನ ತಟ್ಟೆ ಹಿಡಿದುಕೊಂಡು ಎದುರು ಬಂದು ಕುಳಿತುಕೊಳ್ಳುತ್ತಾಳೆ.